ಅತ್ತಿಗೆಯ ಓಟಿಜಿ, ಪಕ್ಕದ ಗಿರಣಿ ಮತ್ತು ಕರಗದ ಬೆಸುಗೆ

ತಿಪಟೂರಿನ ಹೊರವಲಯದಲ್ಲಿ ನಮ್ಮದೊಂದು ಎರಡು ಕೋಣೆಯ ವರ್ಕ್‌ಶಾಪ್. ಬೋರ್‌ವೆಲ್ ಮೋಟಾರನ್ನು ಮೊಬೈಲ್‌ನಿಂದಲೇ ಆನ್, ಆಫ್ ಮಾಡುವ ಕಂಟ್ರೋಲರ್ ತಯಾರಿಸುತ್ತೇವೆ. ಗಿರಾಕಿಗಳು ಸುತ್ತಲಿನ ತೆಂಗು, ಅಡಿಕೆ ತೋಟದವರು. ಕೆಲಸಕ್ಕೆ ನಾನು ಮತ್ತು ಐಟಿಐ ಮುಗಿಸಿದ ಒಬ್ಬ ಹುಡುಗ. ಪಕ್ಕದ ಕಟ್ಟಡದಲ್ಲಿ ಹಿಟ್ಟಿನ ಗಿರಣಿ. ಗಿರಣಿಯ ವಿಷಯ ಈಗಲೇ ಹೇಳಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ಹೋದ ವರ್ಷ ಜೂನ್‌ನಲ್ಲಿ 120 ಕಂಟ್ರೋಲರ್‌ಗಳ ಆರ್ಡರ್ ಬಂತು. ನಮ್ಮ ಅಳತೆಗೆ ಅದು ದೊಡ್ಡದು. ಒಂದೊಂದು ಬೋರ್ಡಿನ ಮೇಲೂ 64 ಎಸ್‌ಎಂಡಿ ಬಿಡಿಭಾಗಗಳಿರುತ್ತವೆ. ಕಾಲು ತೂರಿಸಿ ಹಿಂದಿನಿಂದ ಬೆಸುಗೆ ಹಾಕುವ ಹಳೇ ಥರದವಲ್ಲ, ಸಾಸಿವೆ ಕಾಳಿನಷ್ಟೇ ಇದ್ದು ಬೋರ್ಡಿನ ಮೈಮೇಲೆ ಕೂರುವಂಥವು. ಸೋಲ್ಡರಿಂಗ್ ಐರನ್ ಹಿಡಿದು ಒಂದೊಂದಾಗಿ ಬೆಸೆದರೆ ಬೋರ್ಡಿಗೆ 50 ನಿಮಿಷ ಹಿಡಿಯುತ್ತದೆ. 120 ಬೋರ್ಡಿಗೆ 100 ಗಂಟೆ. ಕಣ್ಣು, ಕತ್ತು ಎರಡೂ ಹೋಗುತ್ತವೆ.

ಫ್ಯಾಕ್ಟರಿಗಳಲ್ಲಿ ಹೀಗೆ ಮಾಡುವುದಿಲ್ಲ. ಬೆಸುಗೆಯ ಪೇಸ್ಟನ್ನು ಬೋರ್ಡಿಗೆ ಹಚ್ಚಿ, ಬಿಡಿಭಾಗಗಳನ್ನು ಅದರ ಮೇಲೆ ಕೂರಿಸಿ, ಇಡೀ ಬೋರ್ಡನ್ನೇ ಒಲೆಯಲ್ಲಿಟ್ಟು ಬೇಯಿಸುತ್ತಾರೆ. ಇದಕ್ಕೆ ರೀಫ್ಲೋ ಅಂತ ಹೆಸರು. ಮೇಜಿನ ಮೇಲೆ ಇಡುವ ಚಿಕ್ಕ ರೀಫ್ಲೋ ಓವನ್ ಸಿಗುತ್ತದೆ, ಆದರೆ ಅದರ ಬೆಲೆ ಕೇಳಿ ಸುಮ್ಮನಾದೆವು.

ಮೊದಲು ಇಸ್ತ್ರಿ ಪೆಟ್ಟಿಗೆ ಪ್ರಯತ್ನ ಮಾಡಿದೆವು. ಮೊಬೈಲ್ ರಿಪೇರಿಯವರು ಮಾಡುತ್ತಾರಲ್ಲ, ಹಳೇ ಇಸ್ತ್ರಿ ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ ಎರಡು ಇಟ್ಟಿಗೆ ನಡುವೆ ಸಿಕ್ಕಿಸುವುದು, ಹಾಗೆ. ಒಂದು ಚಿಕ್ಕ ಬೋರ್ಡಿಗೆ ಅದು ನಿಜಕ್ಕೂ ಸಾಕು. ನಮ್ಮ ಬೋರ್ಡು 7 ಸೆಂಟಿಮೀಟರ್ ಅಗಲ, 10 ಉದ್ದ. ಇಸ್ತ್ರಿಯ ತಳ ತ್ರಿಕೋನ. ಎರಡು ಮೂಲೆ ಯಾವಾಗಲೂ ಹೊರಗೇ ಉಳಿಯುತ್ತಿದ್ದವು.

ಆಗ ನೆನಪಾದದ್ದು ಅತ್ತಿಗೆಯ ಓಟಿಜಿ, ಅಂದರೆ ಕೇಕ್, ಬ್ರೆಡ್ ಬೇಯಿಸುವ ಕರೆಂಟಿನ ಒಲೆ.

ಮಳೆಗಾಲ ಕುಡಿದ ರಾಡು

ಅದು 16 ಲೀಟರ್, 1200 ವ್ಯಾಟ್‌ನ ಓಟಿಜಿ. ಕೇಕ್ ಹುಚ್ಚು ಇದ್ದಾಗ ತಗೊಂಡದ್ದು. ಆಮೇಲೆ ಎರಡು ಮಳೆಗಾಲ ಅಟ್ಟದ ಮೇಲೆ ಮಲಗಿತ್ತು. ಕೇಳಿದಾಗ ಅತ್ತಿಗೆ, "ತಗೊಂಡ್ ಹೋಗಪ್ಪಾ, ಅದನ್ನ ಹಾಕಿದ್ರೆ ಮನೆ ಕರೆಂಟೇ ಹೋಗುತ್ತೆ" ಅಂದರು. ಗುಜರಿಯವನು 150 ರೂಪಾಯಿ ಹೇಳಿದ್ದನಂತೆ. ನಾನು ಅದನ್ನೂ ಕೊಡಲಿಲ್ಲ.

ವರ್ಕ್‌ಶಾಪಿಗೆ ತಂದು ಪ್ಲಗ್ ಹಾಕಿದೆ. ಅತ್ತಿಗೆ ಹೇಳಿದ್ದು ನಿಜ, ಇಎಲ್‌ಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್, ಟಪ್ ಅಂತ ಬಿತ್ತು. ಕರೆಂಟು ಎಲ್ಲೋ ಅರ್ತ್‌ಗೆ ಸೋರುತ್ತಿದೆ ಅಂತ ಅರ್ಥ. ಹೊರಗಿನ ತಗಡು ಬಿಚ್ಚಿ, ಬಿಸಿಯಾಗುವ ನಾಲ್ಕು ರಾಡುಗಳ ವೈರನ್ನೂ ಕಳಚಿ, ಒಂದೊಂದನ್ನೇ ಮೆಗ್ಗರ್‌ನಿಂದ ನೋಡಿದೆವು. ಕರೆಂಟು ಸೋರದಂತೆ ಎಷ್ಟು ತಡೆ ಇದೆ ಅಂತ ಅಳೆಯುವ ಮೀಟರ್ ಅದು, ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮೇಲಿನ ಎರಡು ಚೆನ್ನಾಗಿದ್ದವು. ಕೆಳಗಿನ ಎರಡಕ್ಕೆ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ.

ಇಲ್ಲಿಗೇ ತುಂಬ ಜನ ಓಟಿಜಿಯನ್ನು ಗುಜರಿಗೆ ಹಾಕುತ್ತಾರೆ. ಸ್ವಲ್ಪ ತಾಳಬೇಕು. ಈ ರಾಡಿನ ಒಳಗೆ ನಡುವೆ ಸುರುಳಿ ತಂತಿ, ಹೊರಗೆ ಲೋಹದ ಕೊಳವೆ. ಎರಡರ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಅದು ಶಾಖವನ್ನು ಹಾಯಲು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ಅದಕ್ಕೊಂದು ಚಾಳಿ ಇದೆ, ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ವಾರಕ್ಕೊಮ್ಮೆ ಉರಿಯುವ ರಾಡಿನಲ್ಲಿ ತೇವ ನಿಲ್ಲುವುದಿಲ್ಲ. ಅಟ್ಟದ ಮೇಲೆ ಎರಡು ಮಳೆಗಾಲ ಕಳೆದ ರಾಡಿನಲ್ಲಿ ನಿಲ್ಲುತ್ತದೆ. ರಾಡು ಕೆಟ್ಟಿರಲಿಲ್ಲ, ಒದ್ದೆಯಾಗಿತ್ತು.

ಒಣಗಿಸಲು ಅದನ್ನೇ ಬಿಸಿ ಮಾಡಬೇಕು. ಬಿಸಿ ಮಾಡಲು ಹೋದರೆ ಇಎಲ್‌ಸಿಬಿ ಬೀಳುತ್ತದೆ. ಇದಕ್ಕೆ ಹಳೇ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬಲ್ಬೇ ಮದ್ದು. ಫೇಸ್ ಲೈನಿನಲ್ಲಿ 200 ವ್ಯಾಟ್‌ನ ಹಳದಿ ಬಲ್ಬ್ ಸೇರಿಸಿ, ಅದರ ಆಚೆ ಓಟಿಜಿ ಕೊಟ್ಟೆವು. ವೋಲ್ಟೇಜಿನ ಬಹುಪಾಲನ್ನು ಬಲ್ಬೇ ತಿನ್ನುತ್ತದೆ, ರಾಡಿಗೆ 30 ಚಿಲ್ಲರೆ ವೋಲ್ಟ್ ಸಿಗುತ್ತದೆ. ಸೋರಿಕೆ ಅಷ್ಟೇ ಕಡಿಮೆ, ಇಎಲ್‌ಸಿಬಿ ಬೀಳಲಿಲ್ಲ. ರಾಡು ಮೆಲ್ಲಗೆ ಬೆಚ್ಚಗಾಯಿತು. ಇಡೀ ಮಧ್ಯಾಹ್ನ ಹಾಗೇ ಬಿಟ್ಟೆವು, ಹುಡುಗ ಪಕ್ಕದಲ್ಲೇ ಕೂತಿದ್ದ. ಸಂಜೆ ಪ್ಲಗ್ ತೆಗೆದು ನೋಡಿದರೆ ಮೆಗ್ಗರ್ 3 ಮೆಗಾಓಮ್ ತೋರಿಸಿತು. ಮಾರನೇ ದಿನ ನೇರ 230 ವೋಲ್ಟ್ ಕೊಟ್ಟು ಅರ್ಧ ಗಂಟೆ ಉರಿಸಿದ ಮೇಲೆ 20ರ ಮೇಲೆ ಹೋಯಿತು.

ಅಂದರೆ ಅತ್ತಿಗೆಯ ಓಟಿಜಿಗೆ ಏನೂ ಆಗಿರಲಿಲ್ಲ. ಈ ವಿಷಯವನ್ನು ಆಗ ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಕೊನೇ ಸಲ ಬ್ರೆಡ್

ಸೀಸದ ಪೇಸ್ಟ್ ಒಳಗೆ ಹೋಗುವ ಮೊದಲು ಒಂದು ಕೆಲಸ ಮಾಡಿದೆವು. ಒಂದು ಪ್ಯಾಕ್ ಬ್ರೆಡ್ ತಂದು, ಜಾಲರಿಯ ತುಂಬ ಸ್ಲೈಸ್ ಹರಡಿ, ಬಿಸಿ ಮಾಡಿದೆವು. ಎಲ್ಲಿ ಶಾಖ ಜಾಸ್ತಿ, ಎಲ್ಲಿ ಕಡಿಮೆ ಅಂತ ಬ್ರೆಡ್ಡಿನ ಬಣ್ಣ ಹೇಳುತ್ತದೆ. ಹಿಂದಿನ ಸಾಲು ಕಂದು, ನಡುವೆ ಹೊಂಬಣ್ಣ, ಗಾಜಿನ ಬಾಗಿಲ ಪಕ್ಕದ ಸಾಲು ಬಿಳಿ. ಸಾವಿರ ರೂಪಾಯಿಯ ಮೀಟರ್ ಹೇಳದ್ದನ್ನು 40 ರೂಪಾಯಿಯ ಬ್ರೆಡ್ ಹೇಳಿತು. ಫೋಟೋ ತೆಗೆದು ಗೋಡೆಗೆ ಅಂಟಿಸಿದೆವು. ಬ್ರೆಡ್ಡನ್ನು ಹುಡುಗನೇ ತಿಂದ. ಆ ಓಟಿಜಿಯಿಂದ ಹೊರಬಂದ ಕೊನೆಯ ತಿಂಡಿ ಅದು. ಅದೇ ದಿನ ಮೇಲೆ ಕೆಂಪು ಬಣ್ಣದಲ್ಲಿ "ಅಡುಗೆಗೆ ಅಲ್ಲ" ಅಂತ ಬರೆದೆವು. ಒಮ್ಮೆ ಸೀಸ, ಫ್ಲಕ್ಸ್ (ಪೇಸ್ಟಿನಲ್ಲಿರುವ, ಕಿಲುಬು ತೆಗೆಯುವ ರಾಸಾಯನಿಕ) ಹೊಗೆ ಹೊಕ್ಕ ಡಬ್ಬ ಮತ್ತೆ ಅಡುಗೆ ಮನೆಗೆ ಹೋಗುವ ಹಾಗಿಲ್ಲ. ತೊಳೆದರೂ ಇಲ್ಲ.

ಇನ್ನು ಒಳಗಿನ ಬದಲಾವಣೆ. ಓಟಿಜಿಯ ಥರ್ಮೋಸ್ಟಾಟ್ ಎರಡು ಲೋಹದ ಪಟ್ಟಿಯದು. ಬಿಸಿಗೆ ಬಾಗಿ ಕರೆಂಟ್ ಕಡಿಯುತ್ತದೆ, ಆರಿದಾಗ ಮತ್ತೆ ಕೊಡುತ್ತದೆ. 200ಕ್ಕೆ ಇಟ್ಟರೆ 178ರಿಂದ 226ರವರೆಗೆ ತೂಗಾಡುತ್ತಿತ್ತು. ಕೇಕಿಗೆ ಪರವಾಗಿಲ್ಲ, ಬೆಸುಗೆಗೆ ಆಗದು. ಅದನ್ನು ತೆಗೆದು, ಜಾಗದಲ್ಲಿ ಒಂದು ಸಾಲಿಡ್ ಸ್ಟೇಟ್ ರಿಲೇ, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್, ಹಾಕಿದೆವು. ಅದಕ್ಕೆ ಆಜ್ಞೆ ಕೊಡಲು ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಶಾಖ ಅಳೆಯಲು ಕೆ ಟೈಪ್ ಥರ್ಮೋಕಪಲ್, ಅದನ್ನು ಓದಲು ಮ್ಯಾಕ್ಸ್ 6675 ಚಿಪ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲವೂ ಸಿಕ್ಕವು, ಒಟ್ಟು 1,100 ರೂಪಾಯಿ ಚಿಲ್ಲರೆ.

ವೈರಿಂಗ್‌ನಲ್ಲಿ ಮೂರು ಮಾತು. ರಾಡಿನ ತುದಿಗೆ ಬೆಸುಗೆ ಹಾಕಬಾರದು, ಅದೇ ಬಿಸಿಗೆ ಕರಗಿ ಬೀಳುತ್ತದೆ. ವೈರಿನ ತುದಿಗೆ ಲೋಹದ ಲಗ್ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಲ್ಲಿ ಒತ್ತಿ ಕೂರಿಸಿ, ಸ್ಕ್ರೂ ಬಿಗಿಯಬೇಕು. ಮಾಮೂಲಿ ಪಿವಿಸಿ ವೈರ್ 70 ಡಿಗ್ರಿಯದು, ಒಳಗೆ ಅದು ಬೇಡ, ಫೈಬರ್ ಗ್ಲಾಸ್ ತೋಳಿನ ವೈರ್ ಬೇಕು. ಹೊರಗಿನ ತಗಡಿಗೆ ಅರ್ತ್ ಇರಲೇಬೇಕು. ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಲದು, ಗೋಡೆಯ ಸಾಕೆಟ್‌ನಲ್ಲಿ ನಿಜವಾಗಿ ಅರ್ತ್ ಇದೆಯಾ ಅಂತ ನೋಡಿಕೊಳ್ಳಬೇಕು.

ಓಟಿಜಿಯ ಸ್ಪ್ರಿಂಗ್ ಟೈಮರ್ ಇತ್ತಲ್ಲ, ತಿರುಗಿಸಿದರೆ ಕಿರ್ ಕಿರ್ ಅಂದು ಕೊನೆಗೆ ಟಿಂಗ್ ಅನ್ನುವುದು, ಅದನ್ನೂ ತಪ್ಪಿಸಿ ನೇರ ವೈರ್ ಕೊಟ್ಟೆವು. ಇಷ್ಟೆಲ್ಲ ಕಂಪ್ಯೂಟರ್ ಇರುವಾಗ ಅದೇಕೆ ಅಂತ ನಮ್ಮ ಲೆಕ್ಕ. ಈ ಬುದ್ಧಿವಂತಿಕೆಗೆ ಆಮೇಲೆ ಆರು ಬೋರ್ಡು ಬಲಿಯಾದವು.

215 ಅಂದರೆ ಯಾವುದರ 215

ನಾವು ಬಳಸುವ ಪೇಸ್ಟ್‌ನಲ್ಲಿ ತವರ 63 ಭಾಗ, ಸೀಸ 37 ಭಾಗ. ಅದು 183 ಡಿಗ್ರಿಗೆ ಕರಗುತ್ತದೆ. ಆದರೆ ನೇರವಾಗಿ 183ಕ್ಕೆ ಏರಿಸಿ ಇಳಿಸಿದರೆ ಆಗುವುದಿಲ್ಲ. ಎರಡು ನಿಮಿಷದಲ್ಲಿ 150ಕ್ಕೆ ಒಯ್ಯಬೇಕು. 150ರಿಂದ 180ರ ನಡುವೆ ಒಂದೂವರೆ ನಿಮಿಷ ತಡೆಯಬೇಕು, ಆಗ ಬೋರ್ಡಿನ ಎಲ್ಲ ಭಾಗವೂ ಸಮನಾಗಿ ಬಿಸಿಯಾಗುತ್ತದೆ, ಫ್ಲಕ್ಸ್ ಎದ್ದು ತಾಮ್ರದ ಮೇಲಿನ ಕಿಲುಬು ತೆಗೆಯುತ್ತದೆ. ಅಲ್ಲಿಂದ ಬೇಗ 210, 215ಕ್ಕೆ ಏರಿಸಿ, 183ರ ಮೇಲೆ ಒಂದು ನಿಮಿಷದೊಳಗೆ ಇದ್ದು, ಬಾಗಿಲು ತೆಗೆದು ಆರಿಸಬೇಕು.

ಮೊದಲ ಸಲ ಪರದೆ 215 ತೋರಿಸಿತು. ಬಾಗಿಲು ತೆಗೆದು ನೋಡಿದರೆ ಪೇಸ್ಟ್ ಬೂದು ಬಣ್ಣದಲ್ಲಿ ಹಾಗೇ ಕೂತಿದೆ. ಬಿಡಿಭಾಗವನ್ನು ಊದಿದರೆ ಹಾರುತ್ತಿತ್ತು.

ಮೀಟರ್ ತಪ್ಪಿರಬೇಕು ಅಂತ ಥರ್ಮೋಕಪಲನ್ನು ಕುದಿಯುವ ನೀರಿಗೆ ಹಾಕಿದೆವು. 97 ತೋರಿಸಿತು. "ಮೂರು ಡಿಗ್ರಿ ಕಮ್ಮಿ ಅಣ್ಣ" ಅಂದ ಹುಡುಗ. ಇಲ್ಲ, ಅದು ಸರಿಯಾಗಿಯೇ ಇತ್ತು. ತಿಪಟೂರು ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ.

ತಪ್ಪು ಇದ್ದದ್ದು ಥರ್ಮೋಕಪಲ್ ಕೂತ ಜಾಗದಲ್ಲಿ. ನಾವು ಅದನ್ನು ಒಳಗೆ ಗಾಳಿಯಲ್ಲಿ ತೂಗುಬಿಟ್ಟಿದ್ದೆವು. ಗುಂಡುಸೂಜಿ ತಲೆಯಷ್ಟು ಲೋಹ ಅದು. ಕೆಂಪಗೆ ಕಾದ ರಾಡನ್ನು ನೋಡಿದ ತಕ್ಷಣ ಬಿಸಿಯಾಗುತ್ತದೆ. 1.6 ಮಿಲಿಮೀಟರ್ ದಪ್ಪದ, ತಾಮ್ರ ಹೊದ್ದ ಬೋರ್ಡು ಅಷ್ಟು ಬೇಗ ಕಾಯುವುದಿಲ್ಲ. ಪರದೆಯ ಮೇಲಿನ 215 ಥರ್ಮೋಕಪಲ್‌ನ 215. ಬೋರ್ಡು ಆಗ ಇನ್ನೂ 180ರ ಆಸುಪಾಸು.

ಉಪಾಯ ಸರಳ. ಕೆಟ್ಟ ಬೋರ್ಡೊಂದನ್ನು ಆಹುತಿ ಕೊಟ್ಟೆವು. ಅದರಲ್ಲೊಂದು ಚಿಕ್ಕ ತೂತು ಮಾಡಿ, ಥರ್ಮೋಕಪಲ್‌ನ ತುದಿ ತೂರಿಸಿ, ಮೇಲೆ ಕ್ಯಾಪ್ಟಾನ್ ಟೇಪ್ ಒತ್ತಿದೆವು. ಅದು 260 ಡಿಗ್ರಿಗೂ ಜಗ್ಗದ ಹಳದಿ ಟೇಪ್. ಈ ಬೋರ್ಡು ಯಾವಾಗಲೂ ಜಾಲರಿಯ ನಡುವೆಯೇ ಇರುತ್ತದೆ. ಸುತ್ತಲೂ ಆರು ಹೊಸ ಬೋರ್ಡು. ಕಣ್ಣಿಗೆ ಕಾಣುವ ಸಾಕ್ಷಿಯೂ ಇರಲಿ ಅಂತ ಅದರ ಮೇಲೆ ಒಂದು ಚುಕ್ಕೆ ಪೇಸ್ಟ್ ಇಡುತ್ತೇವೆ. ಪರದೆ 183 ತೋರಿಸಿದ ಒಂದೆರಡು ಸೆಕೆಂಡಿನಲ್ಲಿ ಆ ಚುಕ್ಕೆ ಹೊಳೆಯಬೇಕು. ಹೊಳೆಯದಿದ್ದರೆ ಟೇಪ್ ಎದ್ದಿದೆ ಅಂತ ಅರ್ಥ.

ಆ ಗಳಿಗೆಯನ್ನು ಗಾಜಿನಲ್ಲಿ ನೋಡಬೇಕು. ಬೂದಿ ಬಣ್ಣದ ಪೇಸ್ಟ್ ಮೊದಲು ಸ್ವಲ್ಪ ಒದ್ದೆಯಾದ ಹಾಗೆ ಕಾಣುತ್ತದೆ. ಒಂದು ಮೂಲೆಯಲ್ಲಿ ಮಿಂಚು. ಮುಂದಿನ ಕ್ಷಣಕ್ಕೆ ಅಲೆ ಬಂದ ಹಾಗೆ ಇಡೀ ಬೋರ್ಡು ಬೆಳ್ಳಿಯಾಗುತ್ತದೆ. ಚಿಮುಟದಲ್ಲಿ ಸೊಟ್ಟಗೆ ಇಟ್ಟ ರೆಸಿಸ್ಟರ್‌ಗಳು ತಾವೇ ಮಿಸುಕಿ ನೆಟ್ಟಗಾಗುತ್ತವೆ. ಕರಗಿದ ಲೋಹದ ಮೇಲ್ಮೈ ಎಳೆತ ಅದು, ಗೊತ್ತು. ಆದರೂ ಹುಡುಗ ಪ್ರತಿ ಸಲ ಓಡಿಬಂದು ನೋಡುತ್ತಾನೆ. ನಾನೂ ಅಷ್ಟೇ.

ಬೆಳಗ್ಗೆ ಬೆಳ್ಳಿ, ಸಂಜೆ ರವೆ

ಮೊದಲ ವಾರ 24 ಬೋರ್ಡು ಚೆನ್ನಾಗಿ ಬಂದವು. ಎರಡನೇ ವಾರದಿಂದ ಕೆಲವು ಬ್ಯಾಚ್ ಕೆಡಲು ಶುರುವಾಯಿತು. ಬೆಸುಗೆ ಕರಗಿದೆ, ಆದರೆ ಹರಡಿಲ್ಲ. ಹೊಳಪಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಪುಟ್ಟ ಉಂಡೆಗಳು ಒಂದಕ್ಕೊಂದು ಅಂಟಿ ಹುರಿದ ರವೆಯ ಹಾಗೆ ಕಾಣುತ್ತಿದ್ದವು. ಪರದೆ ಮಾತ್ರ 212 ಮುಟ್ಟಿದೆ ಅನ್ನುತ್ತಿತ್ತು.

ಪೇಸ್ಟ್ ಮೇಲೆ ಅನುಮಾನ ಬಂತು. ಪೇಸ್ಟನ್ನು ಫ್ರಿಜ್‌ನಲ್ಲಿ ಇಡಬೇಕು. ಹೊರಗೆ ತೆಗೆದ ಮೇಲೆ ಮುಚ್ಚಳ ತೆಗೆಯದೆ ಮೂರು ನಾಲ್ಕು ಗಂಟೆ ಬಿಡಬೇಕು, ಇಲ್ಲದಿದ್ದರೆ ತಣ್ಣನೆಯ ಪೇಸ್ಟಿನ ಮೇಲೆ ಗಾಳಿಯ ನೀರು ಕೂರುತ್ತದೆ. ಹುಡುಗ ಅವಸರ ಮಾಡಿರಬೇಕು ಅಂದುಕೊಂಡು ಅವನಿಗೆ ಎರಡು ಮಾತು ಅಂದೆ. ಹೊಸ ಪೇಸ್ಟ್ ತರಿಸಿದೆ. ಹೊಸದೂ ರವೆಯಾಯಿತು. ಬೋರ್ಡುಗಳು ಹಳತಾಗಿ ಕಿಲುಬು ಹಿಡಿದಿವೆಯಾ ಅಂತ ಉಜ್ಜಿ ನೋಡಿದೆವು. ಅದೂ ಅಲ್ಲ.

ಒಂದು ನೋಟ್‌ಬುಕ್ ಇಟ್ಟು ಪ್ರತಿ ಬ್ಯಾಚಿನ ಹೊತ್ತು, ಬೋರ್ಡಿನ ಜಾಗ, ಫಲಿತಾಂಶ ಬರೆಯತೊಡಗಿದೆವು. ಹನ್ನೆರಡು ಬ್ಯಾಚ್ ಆದ ಮೇಲೆ ಹುಡುಗ ಹೇಳಿದ, "ಅಣ್ಣ, ಕೆಟ್ಟಿರೋವೆಲ್ಲ ಏಳು ಗಂಟೆ ಮೇಲಿನವು." ನೋಡಿದರೆ ಹೌದು. ಬೆಳಗಿನ ಒಂದೂ ಕೆಟ್ಟಿರಲಿಲ್ಲ. ಸಂಜೆ ಸುಸ್ತಾಗಿ ಪೇಸ್ಟ್ ಸರಿಯಾಗಿ ಹಚ್ಚುವುದಿಲ್ಲವೇನೋ ಅಂತ ನಾನೇ ಹಚ್ಚಿದೆ. ಅದೂ ರವೆಯಾಯಿತು. ಅವನು ಏನೂ ಅನ್ನಲಿಲ್ಲ, ಸುಮ್ನೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಗುಟ್ಟು ಬಿಟ್ಟುಕೊಟ್ಟದ್ದು ನಮ್ಮದೇ ಮಾಲು. ಟೆಸ್ಟ್ ಮೇಜಿನ ಮೇಲೆ ಒಂದು ಕಂಟ್ರೋಲರ್ ಸದಾ ಓಡುತ್ತಿರುತ್ತದೆ. ವೋಲ್ಟೇಜ್ 190ಕ್ಕಿಂತ ಕೆಳಗೆ ಬಿದ್ದರೆ ಮೋಟಾರ್ ಸುಡದ ಹಾಗೆ ಆಫ್ ಮಾಡಿ ರೈತರಿಗೆ ಮೆಸೇಜ್ ಕಳಿಸುವುದು ಅದರ ಕೆಲಸ. ಒಂದು ಸಂಜೆ ಓಟಿಜಿ ಮುಂದೆ ಕೂತಿದ್ದಾಗ ನನ್ನ ಫೋನ್ ಕುಂಯ್ ಅಂದಿತು. "ವೋಲ್ಟೇಜ್ ಕಡಿಮೆ: 188. ಮೋಟಾರ್ ಆಫ್." ಹಿಂದೆ ಸ್ಕ್ರೋಲ್ ಮಾಡಿದರೆ ದಿನಾ ಅದೇ ಹೊತ್ತಿಗೆ ಅದೇ ಮೆಸೇಜ್, ಮೂರು ವಾರದಿಂದ. ಟೆಸ್ಟ್ ಯೂನಿಟ್‌ನದು ಅಂತ ಓದದೆ ಬಿಟ್ಟಿದ್ದೆ. ಗೋಡೆಯಾಚೆ ಗಿರಣಿ ಗುರ್ರ್ ಅನ್ನುತ್ತಿತ್ತು.

ಹಗಲೆಲ್ಲ ಗಿರಣಿಗೆ ಜನ ಕಡಿಮೆ. ಕೆಲಸ ಮುಗಿಸಿ ರಾಗಿ, ಮೆಣಸಿನಕಾಯಿ ಹೊತ್ತು ಬರುವುದು ಸಂಜೆಗೆ. ಮನೆಮನೆಯ ದೀಪ, ಟಿವಿ, ಗೀಸರ್ ಎಲ್ಲ ಅದೇ ಹೊತ್ತಿಗೆ. ನಮ್ಮದು ಬೀದಿಯ ಟ್ರಾನ್ಸ್‌ಫಾರ್ಮರ್‌ನ ಕೊನೆಯ ಕಂಬ, ಎಲ್ಲರೂ ಎಳೆದು ಉಳಿದ ವೋಲ್ಟೇಜೇ ನಮಗೆ.

230ಕ್ಕೆ 188 ಅಂದರೆ ಐದನೇ ಒಂದು ಪಾಲು ಕಡಿಮೆ ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಹೀಟರ್‌ನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೋಲ್ಟೇಜ್ ಇಳಿದಾಗ ಕರೆಂಟೂ ಇಳಿಯುತ್ತದಲ್ಲ, ಎರಡೂ ಸೇರಿ ಏಟು. 1200 ವ್ಯಾಟ್‌ನ ಓಟಿಜಿ ಆ ಹೊತ್ತಿಗೆ 800 ವ್ಯಾಟ್‌ನದು. ಬೆಳಗ್ಗೆ ಎರಡು ನಿಮಿಷದಲ್ಲಿ 150 ಮುಟ್ಟುತ್ತಿದ್ದ ಬೋರ್ಡು ಸಂಜೆ ಮೂರೂವರೆ ನಿಮಿಷ ತಗೊಳ್ಳುತ್ತಿತ್ತು. 180ರಿಂದ ಮೇಲೆ ಏರುವಾಗಲಂತೂ ತೆವಳುತ್ತಿತ್ತು. ನಮ್ಮ ಪ್ರೋಗ್ರಾಂ ಪಾಪ ತಾಳ್ಮೆಯಿಂದ ಕಾಯುತ್ತಿತ್ತು. ಅಷ್ಟರಲ್ಲಿ ಫ್ಲಕ್ಸ್ ಎಲ್ಲ ಉರಿದು ಮುಗಿದಿರುತ್ತಿತ್ತು. ಕೊನೆಗೆ ಲೋಹ ಕರಗಿದರೂ ಪ್ರತಿ ಕಣದ ಮೇಲೂ ಕಿಲುಬಿನ ಸಿಪ್ಪೆ ಹಾಗೇ ಇರುವುದರಿಂದ ಒಂದರೊಳಗೊಂದು ಬೆರೆಯುತ್ತಿರಲಿಲ್ಲ. ಅದೇ ರವೆ.

ಹುಡುಗನ ಹತ್ತಿರ ತಪ್ಪಾಯ್ತು ಅಂದೆ. ಅವನು ನಕ್ಕು ಟೀ ತರಲು ಹೋದ.

ಏನೇನು ಯೋಚಿಸಿ ಬಿಟ್ಟೆವು

ಸ್ಟೆಬಿಲೈಸರ್ ಹಾಕಬಹುದಿತ್ತು. 2 ಕೆವಿಎದ್ದು ಸಾಕಿತ್ತು, ನೇರವಾದ ದಾರಿಯೂ ಅದೇ. ದುಡ್ಡಿದ್ದರೆ ಹಾಗೇ ಮಾಡಿ ಅಂತ ಯಾರಿಗಾದರೂ ಹೇಳುತ್ತೇನೆ. ನಮ್ಮ ಹತ್ತಿರ ಆ ತಿಂಗಳು ಇರಲಿಲ್ಲ.

ಕಡಿಮೆ ಶಾಖದ ಪೇಸ್ಟ್ ಇದೆ. ತವರ, ಬಿಸ್ಮತ್ ಬೆರೆಸಿದ್ದು, 138 ಡಿಗ್ರಿಗೇ ಕರಗುತ್ತದೆ. 800 ವ್ಯಾಟ್ ಅದಕ್ಕೆ ಧಾರಾಳ. ಆದರೆ ಆ ಬೆಸುಗೆ ಪೆಡಸು. ನಮ್ಮ ಬೋರ್ಡು ಕೂರುವುದು ಮೋಟಾರ್ ಸ್ಟಾರ್ಟರ್ ಪಕ್ಕ. ಅದರೊಳಗೆ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್, ಕಾಂಟ್ಯಾಕ್ಟರ್, ದಿನಕ್ಕೆ ಹತ್ತು ಸಲ ಢಗ್ ಅಂತ ಬಡಿಯುತ್ತದೆ. ಎರಡು ವರ್ಷದ ಮೇಲೆ ತೋಟದ ನಡುವೆ ಬಿರುಕು ಹುಡುಕುತ್ತಾ ಕೂರುವುದು ನನಗೆ ಬೇಡವಾಗಿತ್ತು.

ಗೆಳೆಯನೊಬ್ಬ ಕೆಟ್ಟ ಮೈಕ್ರೋವೇವ್ ತಂದು, ಅದರ ಟ್ರಾನ್ಸ್‌ಫಾರ್ಮರ್ ತೆಗೆದು ಏನಾದರೂ ಮಾಡೋಣ ಅಂದ. ಅದಕ್ಕೆ ಮಾತ್ರ ಕೈ ಮುಗಿದೆ. ಓಟಿಜಿಯಲ್ಲಿ ಇರುವುದು ಗೋಡೆಯ 230 ವೋಲ್ಟ್. ಮೈಕ್ರೋವೇವ್ ಒಳಗೆ 2000 ವೋಲ್ಟ್‌ನ ಆಸುಪಾಸು, ಅದೂ ಮೈ ಮುಟ್ಟಿದರೆ ಬಿಡದಷ್ಟು ಕರೆಂಟಿನೊಂದಿಗೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರಬಹುದು. ಆ ಟ್ರಾನ್ಸ್‌ಫಾರ್ಮರ್‌ನಿಂದ ಮರದ ಮೇಲೆ ಮಿಂಚಿನ ಚಿತ್ತಾರ ಸುಡಲು ಹೋಗಿ ಬೇರೆ ದೇಶಗಳಲ್ಲಿ ಎಷ್ಟೋ ಜನ ಸತ್ತಿದ್ದಾರೆ. ಇಎಲ್‌ಸಿಬಿಯೂ ಅಲ್ಲಿ ಕಾಪಾಡುವುದಿಲ್ಲ, ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯ ಕರೆಂಟು ಅದಕ್ಕೆ ಕಾಣುವುದೇ ಇಲ್ಲ. ಅಡುಗೆ ಮನೆಯ ಎಲ್ಲ ಡಬ್ಬವನ್ನೂ ಬಿಚ್ಚಬಹುದು ಅಂತ ಯಾರೂ ತಿಳಿಯಬಾರದು.

ಕೊನೆಗೆ ಮಾಡಿದ್ದು ಇಷ್ಟು. ಇರುವ 800 ವ್ಯಾಟ್ ಸೋರದ ಹಾಗೆ ನೋಡಿಕೊಳ್ಳುವುದು. ಒಳ ತಗಡು, ಹೊರ ತಗಡಿನ ನಡುವೆ ಸೆರಾಮಿಕ್ ಉಲ್ಲನ್ ಹೊದಿಕೆ ತುಂಬಿದೆವು. ಸ್ವಿಚ್‌ಗಳಿರುವ ಬಲಗಡೆಯನ್ನು ಮಾತ್ರ ಖಾಲಿ ಬಿಟ್ಟೆವು. ಆ ಉಲ್ಲನ್‌ನ ಎಳೆ ಶ್ವಾಸಕ್ಕೆ ಹೋಗಬಾರದು. ಮಾಸ್ಕ್, ಗ್ಲೌಸ್ ಹಾಕಿಕೊಂಡು ಬಯಲಲ್ಲಿ ಕತ್ತರಿಸಿದೆವು. ಒಳಗೋಡೆಗೆ ಅಲ್ಯೂಮಿನಿಯಂ ಫಾಯಿಲ್ ಹಚ್ಚಿದೆವು. ಮೇಲಿನ ರಾಡಿಗೂ ಬೋರ್ಡಿಗೂ ದೂರ ಜಾಸ್ತಿ ಇತ್ತು, ಜಾಲರಿಯನ್ನು ಒಂದು ಮೆಟ್ಟಿಲು ಮೇಲೆ ಏರಿಸಿದೆವು. ಗಾಜಿನ ಬಾಗಿಲಲ್ಲಿ ಮೊಬೈಲ್ ಅಗಲದ ಕಿಂಡಿ ಬಿಟ್ಟು ಉಳಿದದ್ದನ್ನು ಫಾಯಿಲ್‌ನಿಂದ ಮುಚ್ಚಿದೆವು. ಇಷ್ಟಕ್ಕೇ ಸಂಜೆ 188 ವೋಲ್ಟ್‌ನಲ್ಲೂ ಎರಡು ನಿಮಿಷಕ್ಕೆ 150 ಮುಟ್ಟಿತು. ಮೊದಲೇ ಮಾಡಬಹುದಿತ್ತು.

ಜೊತೆಗೆ ಪ್ರೋಗ್ರಾಂನಲ್ಲಿ ನಾಲ್ಕು ಸಾಲು ಸೇರಿಸಿದೆವು. 50ರಿಂದ 100ಕ್ಕೆ ಏರಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಅದು ಎಣಿಸುತ್ತದೆ. 60ಕ್ಕಿಂತ ಜಾಸ್ತಿಯಾದರೆ ಬಜರ್ ಹೊಡೆದು ಹೀಟರ್ ನಿಲ್ಲಿಸುತ್ತದೆ. 100 ಡಿಗ್ರಿಯಲ್ಲಿ ನಿಲ್ಲಿಸಿದರೆ ಪೇಸ್ಟಿಗೆ ಅಂಥ ನಷ್ಟವಿಲ್ಲ, ವೋಲ್ಟೇಜ್ ಬಂದ ಮೇಲೆ ಮತ್ತೆ ಬೇಯಿಸಬಹುದು.

ಟಿಂಗ್

ಇನ್ನೊಂದು ಪೆಟ್ಟು ಬಾಕಿ ಇತ್ತು. ಒಂದು ಭಾನುವಾರ ಬೆಳಗ್ಗೆ ಗಿರಣಿಗೆ ರಜೆ, ವೋಲ್ಟೇಜ್ 236. ಓಟಿಜಿ ಹಚ್ಚಿ ಹುಡುಗ ಬಿಡಿಭಾಗ ಎಣಿಸುತ್ತಿದ್ದ, ನಾನು ಫೋನಿನಲ್ಲಿದ್ದೆ. ಸುಟ್ಟ ಮೀನಿನಂಥ ವಾಸನೆ ಬಂತು. ಪರದೆ ನೋಡಿದರೆ 258, ಇನ್ನೂ ಏರುತ್ತಿದೆ. ಪ್ರೋಗ್ರಾಂ ಹೀಟರ್ ಆಫ್ ಅಂತಲೇ ಹೇಳುತ್ತಿತ್ತು. ಗೋಡೆಯಿಂದ ಪ್ಲಗ್ ಎಳೆದೆವು. ಆರು ಬೋರ್ಡು ಹಸಿರಿನಿಂದ ಕಂದಾಗಿದ್ದವು, ಕೆಪಾಸಿಟರ್‌ಗಳ ತಲೆ ಉಬ್ಬಿತ್ತು.

ಸಾಲಿಡ್ ಸ್ಟೇಟ್ ರಿಲೇ ಸಾಯುವಾಗ ಹೆಚ್ಚಾಗಿ ಆಫ್ ಆಗಿ ಸಾಯುವುದಿಲ್ಲ, ಶಾರ್ಟ್ ಆಗಿ ಆನ್‌ನಲ್ಲೇ ಸಾಯುತ್ತದೆ. ಮೈಮೇಲೆ 25 ಆಂಪಿಯರ್ ಅಂತ ಬರೆದಿತ್ತು, ನಾವು ಎಳೆದದ್ದು 5 ಚಿಲ್ಲರೆ. ಒಡೆದು ನೋಡಿದರೆ ಒಳಗಿನ ಚಿಪ್ ಆ ಮಾತಿಗೆ ತಕ್ಕ ಹಾಗಿರಲಿಲ್ಲ. ಆದರೆ ಪೂರ್ತಿ ತಪ್ಪು ಅದರದಲ್ಲ. ಅದರ ಬಿಸಿ ಹೊರಹಾಕುವ ಲೋಹದ ಹೀಟ್ ಸಿಂಕ್‌ಗೆ ಬಿಗಿಯುವಾಗ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚಿರಲಿಲ್ಲ. ಆರೇಳು ವ್ಯಾಟ್ ಶಾಖ ದಿನಾ ಒಳಗೇ ಕೂತಿತ್ತು.

ಅಂದೇ ಗುಜರಿ ಡಬ್ಬದಿಂದ ಓಟಿಜಿಯ ಸ್ಪ್ರಿಂಗ್ ಟೈಮರ್ ಹುಡುಕಿ ವಾಪಸ್ ಕೂರಿಸಿದೆವು, ಕರೆಂಟ್ ಅದರ ಮೂಲಕವೇ ಹೋಗುವ ಹಾಗೆ. ಹಚ್ಚುವಾಗ 8 ನಿಮಿಷಕ್ಕೆ ತಿರುಗಿಸಬೇಕು. ಕಂಪ್ಯೂಟರ್ ಸತ್ತರೂ, ರಿಲೇ ಸತ್ತರೂ ಅದು ಟಿಂಗ್ ಅಂದು ಕಡಿಯುತ್ತದೆ. ಇದಲ್ಲದೆ ರೈಸ್ ಕುಕ್ಕರ್‌ಗೆ ಹಾಕುವ, ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಒಂದನ್ನು ಒಳಡಬ್ಬದ ಹೊರಮೈಗೆ ಕಟ್ಟಿದೆವು. ಅಲ್ಲಿ ಶಾಖ ಮಾಮೂಲಿಗೆ 120 ದಾಟುವುದಿಲ್ಲ ಅಂತ ಅಳೆದು ನೋಡಿಯೇ ಜಾಗ ಆರಿಸಿದ್ದು. ಮಿಕ್ಸಿ ರಿಪೇರಿ ಅಂಗಡಿಯಲ್ಲಿ 20 ರೂಪಾಯಿ. ಅದನ್ನೂ ಕ್ರಿಂಪ್ ಮಾಡಬೇಕು, ಬೆಸುಗೆ ಹಾಕಲು ಹೋದರೆ ಆ ಬಿಸಿಗೇ ಹಾರಿಹೋಗುತ್ತದೆ. ಮೊದಲನೆಯದು ಹಾಗೇ ಹೋಯಿತು.

ಆರ್ಡರ್ ಮುಗಿಯುವಾಗ ಲೆಕ್ಕ ಹೀಗಿತ್ತು: ಬೋರ್ಡಿಗೆ 50 ನಿಮಿಷ ಹಿಡಿಯುತ್ತಿದ್ದದ್ದು 18ಕ್ಕೆ ಇಳಿದಿತ್ತು. ಅದರಲ್ಲಿ ಹೆಚ್ಚಿನದು ಚಿಮುಟದಿಂದ ಬಿಡಿಭಾಗ ಕೂರಿಸುವ ಹೊತ್ತೇ. ರವೆಯಾದ 17ನ್ನು ಕೈಯಲ್ಲೇ ಸರಿಮಾಡಿದೆವು, ಸುಟ್ಟ ಆರು ಹೋದವು. ರಿಲೇ ಮತ್ತೊಂದು, ಉಲ್ಲನ್ ಎಲ್ಲ ಸೇರಿ ಖರ್ಚು 2,300ರ ಹತ್ತಿರ. ಬಾಗಿಲ ಪಕ್ಕದ ಸಾಲು ಈಗಲೂ ಸರಿಯಾಗಿಲ್ಲ. ಗೋಡೆಯ ಮೇಲಿನ ಬ್ರೆಡ್ ಫೋಟೋ ನೋಡಿ ಆ ಸಾಲನ್ನು ಖಾಲಿ ಬಿಡುತ್ತೇವೆ. ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ, ಫ್ಲಕ್ಸ್ ಹೊಗೆ ಅತ್ತ ಹೋಗುತ್ತದೆ. ಊಟದ ಡಬ್ಬ ಈ ಕೋಣೆಗೆ ಬರುವ ಹಾಗಿಲ್ಲ.

ಅತ್ತಿಗೆಗೆ ಹೇಗೋ ಸುದ್ದಿ ಮುಟ್ಟಿತು. "ಸರಿಯಾಯ್ತಂತಲ್ಲ, ಕ್ರಿಸ್‌ಮಸ್ಸಿಗೆ ಮಕ್ಕಳು ಕೇಕ್ ಕೇಳ್ತವೆ, ತಂದ್ಕೊಡು" ಅಂದರು. ಒಳಗೆ ಸೀಸ ಹೋಗಿದೆ ಅತ್ತಿಗೆ, ಆಗಲ್ಲ ಅಂತ ಹೇಳಿ ಹೊಸದೊಂದನ್ನು ನಾನೇ ತೆಗೆಸಿಕೊಟ್ಟೆ. ಖರ್ಚಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.

ಈ ವರ್ಷ ಮಳೆ ಹಿಡಿದ ಮೇಲೆ ಆ ಹೊಸದೂ ಮನೆಯ ಇಎಲ್‌ಸಿಬಿ ಬೀಳಿಸಿತಂತೆ. ಏಪ್ರಿಲ್‌ನಿಂದ ಹಚ್ಚೇ ಇರಲಿಲ್ಲವಂತೆ. ಫೋನ್ ಬಂದಾಗ 200 ವ್ಯಾಟ್‌ನ ಬಲ್ಬ್, ಹೋಲ್ಡರ್, ಮೆಗ್ಗರ್ ಚೀಲಕ್ಕೆ ಹಾಕಿಕೊಂಡು ಹೋದೆ. ಮಧ್ಯಾಹ್ನವೆಲ್ಲ ಅಡುಗೆ ಮನೆಯ ಕಟ್ಟೆಯ ಮೇಲೆ ಹಳದಿ ಬಲ್ಬ್ ಉರಿಯುತ್ತಿತ್ತು. ಸಂಜೆಗೆ ಸರಿಹೋಯಿತು.